ಹಡಗಿನ ಬಾಗಿಲಲ್ಲಿ ‘ದೂರನಾ?’

ವಾಮದಪದವು

ನಮ್ಮ ಕಡೆ ಹೊರಟು ನಿಂತವರನ್ನು ಯಾರೂ "ಎಲ್ಲಿಗೆ?" ಎಂದು ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬ ನಂಬಿಕೆ. ಹಾಗೆಂದು ತಿಳಿದುಕೊಳ್ಳುವ ಆಸೆಗೇನೂ ಕಡಿಮೆಯಿಲ್ಲ. ಅದಕ್ಕಾಗಿ "ದೂರನಾ?" ಎಂದು ಕೇಳುವ ಒಂದು ಕಳ್ಳದಾರಿ ಮಾಡಿಕೊಂಡಿದ್ದೇವೆ. "ಇಲ್ಲ, ಇಲ್ಲೇ ಹತ್ತಿರ" ಎಂದರೆ ಬಿ.ಸಿ. ರೋಡು. "ಸ್ವಲ್ಪ ದೂರ" ಎಂದರೆ ಮಂಗಳೂರು. ಉತ್ತರ ಕೊಡದೆ ನಕ್ಕರೆ ಹುಡುಗಿ ನೋಡಲು ಹೊರಟಿದ್ದಾರೆ. ಉಳಿದದ್ದನ್ನು ಚೀಲದ ಗಾತ್ರ, ಅಂಗಿಯ ಇಸ್ತ್ರಿ, ಕಾಲಿನ ಚಪ್ಪಲಿ ನೋಡಿ ಅಂದಾಜು ಮಾಡಬೇಕು.

ಪಕ್ಕದ ಮನೆಯ ಲೀಲಕ್ಕ ಈ ವಿದ್ಯೆಯಲ್ಲಿ ಎತ್ತಿದ ಕೈ. ನನ್ನಷ್ಟೇ ಎತ್ತರದ ಕಪ್ಪು ಚೀಲ ಇಟ್ಟುಕೊಂಡು ನಾನು ಬಸ್ಸಿಗೆ ನಿಂತಿದ್ದಾಗ ಮೆಲ್ಲಗೆ ಹತ್ತಿರ ಬಂದರು.

"ದೂರನಾ ಮಗಾ?"

"ಹೌದು ಲೀಲಕ್ಕ, ಸ್ವಲ್ಪ ದೂರ."

"ಕಳೆದ ಸಲ ಹೋದದ್ದಕ್ಕಿಂತ ದೂರನಾ?"

"ಅದಕ್ಕಿಂತ ಜಾಸ್ತಿ."

"ಅಲ್ಲಿ ನಮ್ಮ ರೂಪಾಯಿ ನಡೀತದಾ?"

"ಇಲ್ಲ."

"ಹಾಗಾದ್ರೆ ಉಪ್ಪಿನಕಾಯಿ ಎರಡು ಬಾಟ್ಲಿ ತಕೊಂಡು ಹೋಗು ಮಾರಾಯ್ತಿ" ಎಂದವರೇ ಮನೆಗೆ ಓಡಿ ಬಾಟ್ಲಿ ತಂದುಕೊಟ್ಟರು. ಎಲ್ಲಿಗೆ ಎಂದು ಒಮ್ಮೆಯೂ ಕೇಳಲಿಲ್ಲ. ಆದರೆ ನಾನು ವಿದೇಶಕ್ಕೆ ಹೊರಟ ಸುದ್ದಿ ಬಸ್ಸು ಬರುವ ಮೊದಲೇ ಎದುರಿನ ದಿನಸಿ ಅಂಗಡಿಗೆ ತಲುಪಿತ್ತು.

ನನ್ನ ಹೆಸರು ಹರಿಣಾಕ್ಷಿ. ಮೂಡಬಿದಿರೆಯಲ್ಲಿ ಪಿಯುಸಿ ಮುಗಿಸಿ, ನೌಕಾಪಡೆಗೆ ಹುಡುಗಿಯರನ್ನೂ ನಾವಿಕರಾಗಿ ಸೇರಿಸಿಕೊಳ್ಳುತ್ತಾರೆಂದು ತಿಳಿದು ಅರ್ಜಿ ಹಾಕಿದವಳು. ಊರಿನಲ್ಲಿ ಕೆಲವರು ನನ್ನನ್ನು ದೊಡ್ಡ ಅಧಿಕಾರಿಯೆಂದು ತಿಳಿದಿದ್ದಾರೆ. ನಾನು ತಿದ್ದಲು ಹೋಗಿಲ್ಲ. ನಿಜದಲ್ಲಿ ಹಗ್ಗ ಎಳೆಯುವುದು, ಡೆಕ್ಕು ಉಜ್ಜುವುದು, ಬಣ್ಣ ಹಚ್ಚುವುದು, ಬಣ್ಣ ಹಚ್ಚಿದ್ದು ಸರಿಯಾಗಿಲ್ಲವೆಂದು ಬೈಸಿಕೊಳ್ಳುವುದು ನನ್ನ ಕೆಲಸ.

ಸಮುದ್ರದ ಮೇಲೆ

ತರಬೇತಿಗೆ ಬಂದ ನಾವಿಕರಿಗೆಲ್ಲ ಒಂದು ನೀಲಿ ಪುಸ್ತಕ ಕೊಡುತ್ತಾರೆ. ಪ್ರತಿ ಪುಟದಲ್ಲಿ ಒಂದು ಕೆಲಸ. ಅದನ್ನು ಮಾಡಿ ತೋರಿಸಿದರೆ ಬೋಧಕರ ಸಹಿ. ಕಣ್ಣು ಮುಚ್ಚಿ ಗಂಟು ಹಾಕುವುದು, ಎಣ್ಣೆಗೆ ಹತ್ತಿದ ಬೆಂಕಿ ಯಾವುದು ಕರೆಂಟಿಗೆ ಹತ್ತಿದ ಬೆಂಕಿ ಯಾವುದು ಎಂದು ತಿಳಿದು ಆರಿಸುವುದು, ಸೀಟಿಯಲ್ಲಿ ಊಟಕ್ಕೂ ಅಪಾಯಕ್ಕೂ ಬೇರೆ ಬೇರೆ ರಾಗ ಊದುವುದು. ನಾನು ಒಮ್ಮೆ ಅದಲು ಬದಲು ಊದಿ, ಇಡೀ ಹಡಗು ತಟ್ಟೆ ಹಿಡಿದು ಬೆಂಕಿ ಆರಿಸಲು ಬಂದಿತ್ತು. ಎಲ್ಲ ಸಹಿ ಬಿದ್ದರೆ ಹಡಗಿನಲ್ಲೇ ಉಳಿಯಬಹುದು. ಒಂದು ತಪ್ಪಿದರೂ ದಡದ ಉಗ್ರಾಣಕ್ಕೆ ಕಳಿಸುತ್ತಾರೆ. ಅಲ್ಲಿ ಕಂಬಳಿ ಮಡಚುತ್ತಾ ಕೂತಿರಬೇಕು. ನನಗೆ ಸಮುದ್ರ ಬಿಟ್ಟು ಬೇರೇನೂ ಬೇಕಿರಲಿಲ್ಲ. ವಾಂತಿ ಮಾಡಿಕೊಳ್ಳುತ್ತಿದ್ದಾಗಲೂ ಬೇಕಿರಲಿಲ್ಲ.

ನಮ್ಮ ಬೋಧಕರು ಚೀಫ್ ಧರಮ್‌ಪಾಲ್, ಹರಿಯಾಣದವರು. ಹರಿಣಾಕ್ಷಿ ಎಂಬುದು ಅವರ ನಾಲಿಗೆಗೆ ಉದ್ದವಾಗಿ, ಮೊದಲ ದಿನವೇ ಅದನ್ನು ತುಂಡರಿಸಿ ‘ಹರಿ’ ಮಾಡಿಕೊಂಡರು. ಅವರೊಂದಿಗಿನ ಮಾತೆಲ್ಲ ಹಿಂದಿಯಲ್ಲಿ. ನಗು ಅವರಿಗೆ ರೇಷನ್ ಕಾರ್ಡಿನಲ್ಲಿ ಸಿಗುತ್ತಿತ್ತೇನೋ, ಅಷ್ಟು ಹಿಡಿದು ಖರ್ಚು ಮಾಡುತ್ತಿದ್ದರು.

ಮನುಷ್ಯ ನೀರಿಗೆ ಬಿದ್ದರೆ ಏನು ಮಾಡಬೇಕೆಂದು ಕಲಿಸಲು ಹಡಗಿನಲ್ಲೊಂದು ಬಟ್ಟೆಯ ಗೊಂಬೆ ಇದೆ. ಅದನ್ನು ಹೇಳದೆ ಕೇಳದೆ ಸಮುದ್ರಕ್ಕೆ ಎಸೆಯುತ್ತಾರೆ. ನೋಡಿದವರು ಯಾವ ಬದಿಯಲ್ಲಿ ಬಿದ್ದನೆಂದು ಕೂಗಿ ಹೇಳಿ, ಬೆರಳು ತೋರಿಸುತ್ತಾ ನಿಲ್ಲಬೇಕು. ನಾನು "ಅಯ್ಯೋ ದೇವೆರೇ!" ಎಂದು ತುಳುವಿನಲ್ಲಿ ಕಿರುಚಿ, ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡೆ. ಚೀಫ್ ನನ್ನ ಬಲಗೈ ಹಿಡಿದು ಗೊಂಬೆಯ ಕಡೆ ತಿರುಗಿಸಿದರು.

"ಕಣ್ಣು ತೆಗೆಯಬೇಡ. ತೆರೆಗಳ ನಡುವೆ ಒಂದು ತಲೆ ತೆಂಗಿನಕಾಯಿಯಷ್ಟೂ ಕಾಣುವುದಿಲ್ಲ. ನಿನ್ನ ಜನ ಈ ಗಳಿಗೆಯಲ್ಲಿ ಎಲ್ಲಿದ್ದಾರೆಂದು ನಿನಗೆ ಗೊತ್ತಿರಬೇಕು. ಉಳಿದ ವಿದ್ಯೆ ಎಲ್ಲ ಆಮೇಲೆ."

ನನಗೆ ಅದು ಗೊಂಬೆಯ ವಿಷಯ ಮಾತ್ರ ಎಂದೇ ಅನಿಸಿತ್ತು.

ಮಸ್ಕತ್, ಮೊದಲ ದಿನ

ಮಸ್ಕತ್ತಿನಲ್ಲಿ ರಸ್ತೆ ದಾಟುವುದೇ ನನಗೆ ದೊಡ್ಡ ಕಷ್ಟವಾಯಿತು. ಬಿ.ಸಿ. ರೋಡಿನಲ್ಲಿ ರಸ್ತೆ ದಾಟಿ ಬೆಳೆದವಳು ನಾನು. ಬಸ್ಸಿನವನ ಕಣ್ಣು ನೋಡಿ, ಅವನ ಮನಸ್ಸಿನಲ್ಲಿ ಏನುಂಟೆಂದು ಅಂದಾಜು ಮಾಡಿ ಹಾರುವ ಅಭ್ಯಾಸ. ಇಲ್ಲಿ ನಾನು ಒಂದು ಕಾಲು ಕೆಳಗಿಟ್ಟದ್ದೇ ತಡ, ದೊಡ್ಡ ಕಾರೊಂದು ನಿಂತಿತು. ಅದು ಹೋಗಲಿ ಎಂದು ನಾನು ಹಿಂದೆ ಸರಿದೆ. ನಾನು ಹೋಗಲಿ ಎಂದು ಅದು ಕಾದಿತು. ಹಿಂದೆ ಆರು ಕಾರು ನಿಂತವು, ಒಬ್ಬನೂ ಹಾರ್ನ್ ಹೊಡೆಯಲಿಲ್ಲ. ಕೊನೆಗೆ ನನಗೇ ನಾಚಿಕೆಯಾಗಿ, ಎಲ್ಲರಿಗೂ ಕೈಮುಗಿದು ದಾಟಿದೆ.

ವಿದೇಶದ ದಡಕ್ಕೆ ತರಬೇತಿಯ ನಾವಿಕರು ಯಾರೂ ಒಬ್ಬರೇ ಇಳಿಯುವಂತಿಲ್ಲ, ಜೋಡಿಯಾಗಿಯೇ ಹೋಗಬೇಕು. ನನ್ನ ಜೋಡಿ ಮಿಜೋರಾಮಿನ ಹುಡುಗಿ. ಬಂದರಿನ ಪಕ್ಕದ ಮತ್ರಾ ಪೇಟೆಯಲ್ಲಿ ಒಬ್ಬ ಮುದುಕ ಅಂಗಡಿಕಾರ ನಮ್ಮನ್ನು ಕೂರಿಸಿ, ಹಿಡಿಯಿಲ್ಲದ ಪುಟ್ಟ ಕಪ್ಪಿನಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ ಕೊಟ್ಟ. ಅವಳು ಮೊದಲ ಕಪ್ಪಿಗೇ ಹೊಟ್ಟೆ ಸರಿಯಿಲ್ಲವೆಂದು ಪಾರಾದಳು. ನಾನು ಕುಡಿದೆ. ಮತ್ತೆ ಹೊಯ್ದ. ಸಾಕೆಂದು ನಮ್ಮ ಕ್ರಮದಲ್ಲಿ ಕಪ್ಪಿನ ಮೇಲೆ ಕೈ ಅಡ್ಡ ಹಿಡಿದೆ. ಅವನು ನನ್ನ ಕೈಯನ್ನು ಮೃದುವಾಗಿ ಸರಿಸಿ ಮತ್ತೆ ಹೊಯ್ದ. ಒಂಬತ್ತನೆಯ ಕಪ್ಪಿಗೆ ನನ್ನ ಎದೆ ಚೆಂಡೆಯ ಹಾಗೆ ಬಡಿಯತೊಡಗಿ, "ಅಯ್ಯೋ ದೇವೆರೇ" ಎಂದೆ.

"ಕಪ್ಪು ಅಲ್ಲಾಡಿಸು ಮಗಳೇ!" ಎಂದು ಪಕ್ಕದ ಅಂಗಡಿಯಿಂದ ತುಳುವಿನಲ್ಲಿ ಉತ್ತರ ಬಂತು. "ಆಚೆ ಈಚೆ ಅಲ್ಲಾಡಿಸಿ ಕೊಡು. ಇಲ್ಲದಿದ್ರೆ ಅವ ನಾಳೆವರೆಗೂ ಹೊಯ್ತಾನೆ."

ಹಾಗೆ ಪರಿಚಯವಾದವರು ಹಮೀದಾಕ. ಬಂಟ್ವಾಳ ಪೇಟೆಯ ಬ್ಯಾರಿ ಮುಸ್ಲಿಂ ಮನೆಯವರು, ಮತ್ರಾದಲ್ಲಿ ಲೋಬಾನ ಮತ್ತು ಅತ್ತರಿನ ಅಂಗಡಿ. "ಬಲೆ, ಕುಳ್ಳುಲೆ" ಎಂದು ಸ್ಟೂಲು ಎಳೆದು ಕೂರಿಸಿದರು. ನಾವು ತುಳುವಿನಲ್ಲಿ ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ವಾಮದಪದವಿನಲ್ಲಿ ಯಾರ ಮನೆ?"

ಹೇಳಿದೆ. ಮೂರನೆಯ ಪ್ರಶ್ನೆಗೆ, ನನ್ನ ಅಪ್ಪ ಮದುವೆಯ ಬಟ್ಟೆ ತೆಗೆದದ್ದು ಹಮೀದಾಕನ ಅಣ್ಣನ ಅಂಗಡಿಯಲ್ಲಿ ಎಂದು ಇತ್ಯರ್ಥವಾಯಿತು. ಅಷ್ಟಾದ ಮೇಲೆ ನಾನು ಅತ್ತರಿಗೆ ದುಡ್ಡು ಕೊಡಲು ಹೋದದ್ದು ಅವಮಾನವಾಯಿತು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಇಲ್ಲಿ ಪೇಟೆ ಪೂರ್ತಿ ಮುಚ್ಚುತ್ತದೆ, ಆಗ ಯಾವುದಕ್ಕೂ ಬರಬೇಡ, ಎಲ್ಲರೂ ನಿದ್ದೆ ಮಾಡುತ್ತಾರೆ ಎಂದು ಎಚ್ಚರಿಸಿದರು. ನಾವು ಎದ್ದಾಗ ತಲೆ ಓರೆ ಮಾಡಿ ಕೇಳಿದರು, "ಇನ್ನು ದೂರನಾ?"

ನನಗೆ ಕಣ್ಣು ತುಂಬಿ ಬಂತು. ಒಂಬತ್ತು ಕಪ್ಪು ಕಾಫಿಯೂ ಕಾರಣವಿರಬಹುದು.

ಮಸ್ಕತ್, ಎರಡನೆಯ ದಿನ

ಪುಸ್ತಕದಲ್ಲಿ ಉಳಿದದ್ದು ಒಂದೇ ಸಹಿ, ಗ್ಯಾಂಗ್‌ವೇ ಕಾವಲು. ಗ್ಯಾಂಗ್‌ವೇ ಎಂದರೆ ಹಡಗಿನಿಂದ ದಡಕ್ಕೆ ಹಾಕಿದ ಏಣಿಯಂಥ ಸೇತುವೆ. ಅದರ ತುದಿಯಲ್ಲಿ ನಿಂತು ಇಳಿಯುವವರನ್ನೆಲ್ಲ ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸು ಎಂದು ಕೇಳಿ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಬರಹದ ಪರೀಕ್ಷೆಯಲ್ಲಿ ಇದಕ್ಕೆ ನನಗೆ ಪೂರ್ತಿ ಅಂಕ ಬಂದಿತ್ತು.

ಬೆಳಿಗ್ಗೆ ಮೊದಲು ಇಳಿದವರು ಹಡಗಿನ ಡಾಕ್ಟರು. ನಾನು ಸೆಲ್ಯೂಟ್ ಹೊಡೆದು ಬಾಯಿ ತೆರೆದೆ. ‘ಎ’ ಎಂಬಲ್ಲಿಗೆ ನಾಲಿಗೆ ನಿಂತಿತು. ಬಿಳಿ ಸಮವಸ್ತ್ರ ಹಾಕಿ, ಚೆಂದ ತಲೆ ಬಾಚಿ, ನಗುತ್ತಾ ಹೊರಟ ಮನುಷ್ಯನನ್ನು ಎಲ್ಲಿಗೆ ಎಂದು ಕೇಳಿ ಅವರ ದಿನ ಹಾಳು ಮಾಡುವುದೆ? "ದೂರವೇ ಸರ್?" ಎಂದೆ. "ಇಲ್ಲ, ಬಹಳ ದೂರವೇನಿಲ್ಲ" ಎಂದರು. ‘ಬಹಳ ದೂರವಿಲ್ಲ’ ಎಂದು ಬರೆದೆ. ಮುಂದಿನವರಿಗೆ ‘ಹತ್ತಿರ’. ಅದರ ಮುಂದಿನ ನಾಲ್ವರಿಗೆ ‘ಸ್ವಲ್ಪ ದೂರ’. ಒಡಿಶಾದ ತಪನ್ ಮತ್ತು ಪಂಜಾಬಿನ ಜಸ್‌ಪ್ರೀತ್ ಜೋಡಿಯಾಗಿ ಬಂದು "ಪಕ್ಕದಲ್ಲೇ" ಎಂದರು. ‘ಪಕ್ಕದಲ್ಲೇ’ ಎಂದು ಬರೆದೆ. ಪುಟ ತುಂಬಿತು. ಎಷ್ಟು ನಾಜೂಕಾಗಿ ಕೆಲಸ ಮುಗಿಸಿದೆ ಎಂದು ಒಳಗೊಳಗೇ ಹೆಮ್ಮೆಪಟ್ಟೆ.

ಮಧ್ಯಾಹ್ನ ಎರಡು ಗಂಟೆಗೆ ಚಂಡಮಾರುತದ ಸುದ್ದಿ ಬಂತು. ಬಂದರಿನಲ್ಲಿದ್ದರೆ ಹಡಗು ಕಟ್ಟೆಗೆ ಬಡಿಯುತ್ತದೆ, ನಡುಸಮುದ್ರವೇ ವಾಸಿ. ನಾಳೆ ಹೊರಡಬೇಕಾದವರು ಇವತ್ತು ನಾಲ್ಕಕ್ಕೇ ಹೊರಡಬೇಕೆಂದು ಆಜ್ಞೆಯಾಯಿತು. ಸೈರನ್ ಉದ್ದಕ್ಕೆ ಕೂಗಿತು. ಇಳಿದವರು ಒಬ್ಬೊಬ್ಬರಾಗಿ ಓಡಿ ಬಂದರು. ಎರಡು ಮುಕ್ಕಾಲಕ್ಕೆ ಲೆಕ್ಕ ಹಾಕಿದರೆ ತಪನ್ ಮತ್ತು ಜಸ್‌ಪ್ರೀತ್ ಇಲ್ಲ. ಊರಿನ ಸಿಮ್ ಅಲ್ಲಿ ನಡೆಯದ ಕಾರಣ ಇಬ್ಬರ ಫೋನೂ ಹಡಗಿನ ಲಾಕರಿನಲ್ಲೇ ಇತ್ತು. ಹಡಗು ಹೊರಡುವಾಗ ಇಲ್ಲದ ನಾವಿಕನಿಗೆ ಕ್ಷಮೆ ಇಲ್ಲ. ಅವನ ಕೆಲಸವೇ ಹೋಗಬಹುದು.

ಚೀಫ್ ಬಂದು ದಾಖಲೆ ಪುಸ್ತಕ ತೆರೆದರು. ಮೇಲಿನಿಂದ ಕೆಳಗೆ ಓದಿದರು. ಮತ್ತೆ ಕೆಳಗಿನಿಂದ ಮೇಲಕ್ಕೆ ಓದಿದರು.

"ಹರಿ, ಇದೇನು?"

"ಸರ್, ಅವರು ಹೇಳಿದ್ದನ್ನೇ ಬರೆದೆ."

"ಎಲ್ಲಿಗೆ ಎಂದು ಕೇಳಿದೆಯಾ?"

"ಇಲ್ಲ ಸರ್. ನಮ್ಮಲ್ಲಿ ಹೊರಟವರನ್ನು ಕೇಳುವುದಿಲ್ಲ."

"ಕೇಳದಿದ್ದರೆ ಜನರನ್ನು ಹುಡುಕುವುದು ಹೇಗೆ?"

"ಹುಡುಕುವುದಿಲ್ಲ ಸರ್. ಅವರೇ ಬರ್ತಾರೆ."

ಅವರು ಬೈದಿದ್ದರೆ ಸುಲಭವಾಗುತ್ತಿತ್ತು. ಬೈಯಲಿಲ್ಲ. "ನಡೆ" ಎಂದು ಒಂದೇ ಮಾತು ಹೇಳಿ ಏಣಿ ಇಳಿದರು. ನನ್ನ ಜಾಗಕ್ಕೆ ಇನ್ನೊಬ್ಬಳನ್ನು ನಿಲ್ಲಿಸಿ ನಾನೂ ಹಿಂದೆ ಓಡಿದೆ. ನನ್ನ ಸಹಿ ಹೋದರೆ ಹೋಗಲಿ, ನನ್ನ ನಾಜೂಕಿನಿಂದ ಆ ಇಬ್ಬರ ಬದುಕು ಹಾಳಾಗುತ್ತದಲ್ಲ ಎಂದು ಅಳು ಬಂತು.

ಮತ್ರಾ ಪೇಟೆ ಬಾಗಿಲು ಹಾಕಿ ಮಲಗಿತ್ತು. ಒಂದು ಬೆಕ್ಕು ಬಿಟ್ಟರೆ ಯಾರೂ ಇಲ್ಲ. ನನಗೆ ಆ ಊರಿನಲ್ಲಿ ಗೊತ್ತಿದ್ದದ್ದು ಒಂದೇ ಬಾಗಿಲು. ಹಮೀದಾಕನ ಶಟರನ್ನು ಎರಡೂ ಕೈಯಲ್ಲಿ ಬಡಿದೆ. ಅಂಗಡಿಯ ಒಳಗೇ ಚಾಪೆ ಹಾಸಿ ಮಲಗಿದ್ದವರು ಕಣ್ಣುಜ್ಜುತ್ತಾ ಶಟರ್ ಎತ್ತಿದರು. ವಿಷಯ ಕೇಳಿ ಸೀದಾ ಫೋನಿನಲ್ಲಿ ನಮ್ಮೂರವರ ವಾಟ್ಸಾಪ್ ಗ್ರೂಪಿಗೆ ಮಾತಾಡಿ ಕಳಿಸಿದರು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯಿಂದ ಮಸ್ಕತ್ತಿಗೆ ಬಂದವರೆಲ್ಲ ಅದರಲ್ಲಿದ್ದರು.

ಅರ್ಧ ನಿಮಿಷದಲ್ಲಿ ಫೋನು ಟಿಂಗ್ ಟಿಂಗ್ ಎನ್ನತೊಡಗಿತು. ಚೀಫ್ ಆಸೆಯಿಂದ ಬಗ್ಗಿದರು. ಮೊದಲ ಧ್ವನಿ: "ಹುಡುಗಿ ಯಾರ ಮಗಳು ಮಾರಾಯ್ರೆ?" ಎರಡನೆಯದು: "ವಾಮದಪದವಿನಲ್ಲಿ ಶಾಲೆಯ ಹತ್ತಿರವಾ, ಆಚೆಯಾ?" ಮೂರನೆಯದು: "ಮದುವೆ ಆಗಿದೆಯಾ?"

"ಏನಂತೆ? ಸಿಕ್ಕಿದರಾ?" ಎಂದರು ಚೀಫ್.

"ಇನ್ನೂ ವಿಚಾರಿಸ್ತಿದ್ದಾರೆ ಸರ್" ಎಂದೆ. ಅದು ಸುಳ್ಳೇನೂ ಅಲ್ಲ.

ಉತ್ತರ ಬರುವವರೆಗೆ ಹಮೀದಾಕ ಅವರನ್ನೂ ಸ್ಟೂಲಿನಲ್ಲಿ ಕೂರಿಸಿ, ಯಾವ ಊರು, ಮನೆಯಲ್ಲಿ ಯಾರ್ಯಾರು ಎಂದು ಶುರುಮಾಡಿದರು. ಕಲ್ಲಿನಂಥ ಮನುಷ್ಯ, ನಮಗೆ ಯಾರಿಗೂ ಹೇಳದ್ದನ್ನು ಎರಡು ನಿಮಿಷದಲ್ಲಿ ಹೇಳಿಬಿಟ್ಟರು. ಹೆಂಡತಿಗೆ ಮುಂದಿನ ವಾರ ಹೃದಯದ ಆಪರೇಷನ್. ತಾನು ಸಮುದ್ರದಲ್ಲಿ.

ಹಮೀದಾಕ ತಮ್ಮ ಹಿಂದಿಯಲ್ಲಿ ಹೇಳಿದರು, "ಸಾಹೇಬ್ರೇ, ಈ ಹುಡುಗಿಗೆ ಬೈಬೇಡಿ. ನಮ್ಮ ಕಡೆ ಕೇಳುವುದಿಲ್ಲ. ಬಾಯಿ ತಪ್ಪಿ ಯಾರಾದ್ರೂ ಕೇಳಿದ್ರೆ ಹೊರಟವ ವಾಪಸು ಒಳಗೆ ಬಂದು, ಕೂತು, ಒಂದು ಗ್ಲಾಸು ನೀರು ಕುಡಿದು ಮತ್ತೆ ಹೋಗಬೇಕು. ಆಗ ದೋಷ ಹೋಗ್ತದೆ."

ಚೀಫ್ ಅವರನ್ನೂ ನನ್ನನ್ನೂ ನೋಡಿ, "ಯುದ್ಧಕ್ಕೆ ಹೊರಟರೆ?" ಎಂದರು. ಅಷ್ಟರಲ್ಲಿ ಫೋನು ಮತ್ತೆ ಟಿಂಗ್ ಎಂದಿತು.

ಬೆಳ್ತಂಗಡಿ ಹತ್ತಿರದ ಲಾಯಿಲದ ಗಿರೀಶಣ್ಣ. ಹಿಂದಿನ ಬೀದಿಯಲ್ಲೇ ಮಧ್ಯಾಹ್ನವೂ ಮುಚ್ಚದ ಚಾ ಅಂಗಡಿ. "ಹಮೀದಾಕ, ನಾವಿಕರ ಟೊಪ್ಪಿ ಹಾಕಿದ ಇಬ್ರು ನನ್ನ ಅಂಗಡಿಯಲ್ಲಿ ಕೂತಿದ್ದಾರೆ. ಒಬ್ಬನಿಗೆ ಪ್ಯಾಂಟು ಇಲ್ಲ. ನನ್ನ ಲುಂಗಿ ಉಟ್ಟಿದ್ದಾನೆ. ಇವರೇನಾ?"

ಓಡಿದೆವು. ಇವರೇ ಆಗಿದ್ದರು. ಗುಡ್ಡದ ಕೋಟೆಯ ಮೆಟ್ಟಿಲು ಹತ್ತುವಾಗ ಜಸ್‌ಪ್ರೀತನ ಬಿಳಿ ಪ್ಯಾಂಟು ಹಿಂಬದಿಯಲ್ಲಿ ಹರಿದಿತ್ತು. ದರ್ಜಿಯೊಬ್ಬನಿಗೆ ಬಿಚ್ಚಿ ಕೊಟ್ಟು ಕಾಯುತ್ತಿದ್ದಾಗ ಮಧ್ಯಾಹ್ನದ ಒಂದು ಗಂಟೆ ಹೊಡೆಯಿತು. ದರ್ಜಿ ಪ್ಯಾಂಟನ್ನು ಒಳಗಿಟ್ಟು, ಅಂಗಡಿಗೆ ಬೀಗ ಹಾಕಿ, ನಾಲ್ಕಕ್ಕೆ ಬರುತ್ತೇನೆಂದು ನಿದ್ದೆಗೆ ಹೋಗಿದ್ದ. ಸೈರನ್ ಇಬ್ಬರಿಗೂ ಕೇಳಿತ್ತು. ಲುಂಗಿಯಲ್ಲಿ ಹಡಗಿಗೆ ಹೋಗುವ ಧೈರ್ಯ ಇರಲಿಲ್ಲ. ಅವನನ್ನು ಬಿಟ್ಟು ಹೋಗುವ ಮನಸ್ಸು ತಪನನಿಗೆ ಇರಲಿಲ್ಲ. ಹೆದರಿಕೆ ತಡೆಯಲು ಇಬ್ಬರೂ ಪರೋಟ ತಿನ್ನುತ್ತಿದ್ದರು.

"ಎದ್ದೇಳು" ಎಂದರು ಚೀಫ್. ಜಸ್‌ಪ್ರೀತ್ ಎದ್ದ. ಲುಂಗಿ ಏಳಲಿಲ್ಲ. ಜನ್ಮದಲ್ಲಿ ಲುಂಗಿ ಉಟ್ಟವನಲ್ಲ ಅವನು. ಗಿರೀಶಣ್ಣ ಪಾರ್ಸೆಲ್ ಕಟ್ಟುವ ಹಗ್ಗ ಎಸೆದರು. ನಾನು ಅದನ್ನು ಅವನ ಸೊಂಟಕ್ಕೆ ಸುತ್ತಿ, ಎಷ್ಟು ಎಳೆದರೂ ಜಾರದ, ಬಿಗಿದು ಉಸಿರೂ ಕಟ್ಟಿಸದ ಬೋಲೈನ್ ಗಂಟು ಹಾಕಿದೆ. ನೀರಿಗೆ ಬಿದ್ದವರನ್ನು ಎತ್ತಲು ಕಲಿಸಿದ ಗಂಟು ಅದು. ಚೀಫ್ ಅದನ್ನು ಒಮ್ಮೆ ಎಳೆದು ನೋಡಿದರು.

ನಾಲ್ಕೂ ಜನ ಬಂದರಿನ ಉದ್ದಕ್ಕೂ ಓಡಿದೆವು. ಏಣಿ ಎತ್ತಲು ಐದೇ ನಿಮಿಷ ಇತ್ತು. ಜಸ್‌ಪ್ರೀತ್ ಚೌಕುಳಿ ಲುಂಗಿಯಲ್ಲಿ ಹಡಗು ಹತ್ತಿ, ಕಲಿಸಿದ ಕ್ರಮದಂತೆ ಹಿಂಬದಿಯ ಬಾವುಟಕ್ಕೆ ಸೆಲ್ಯೂಟ್ ಹೊಡೆದ. ಮೇಲೆ ನಿಂತಿದ್ದ ಕ್ಯಾಪ್ಟನ್ ದುರ್ಬೀನು ತೆಗೆದುಕೊಂಡು ಸಮುದ್ರದಲ್ಲಿ ಬಹಳ ಮುಖ್ಯವಾದದ್ದೇನನ್ನೋ ನೋಡತೊಡಗಿದರು.

ಅಂದು ಸಂಜೆ ಚೀಫ್ ನನ್ನ ನೀಲಿ ಪುಸ್ತಕ ತೆರೆದು, ಸಹಿ ಹಾಕದೆ ಮುಚ್ಚಿದರು. "ಮುಂದಿನ ಬಂದರು ಸಲಾಲಾದಲ್ಲಿ ಒಂದು ಅವಕಾಶ. ಅಲ್ಲಿ ಕೇಳಬೇಕು. ಪ್ರತಿಯೊಬ್ಬರನ್ನೂ. ಇಲ್ಲದಿದ್ದರೆ ಕಂಬಳಿ."

ಸಲಾಲಾ

ಚಂಡಮಾರುತ ಬೇರೆ ಕಡೆ ತಿರುಗಿತು. ನಾವು ಐದು ದಿನ ತೆರೆಯ ಮೇಲೆ ಕುಣಿದು ಸಲಾಲಾ ಸೇರಿದೆವು. ಮರಳುಗಾಡಿನ ದೇಶದ ಈ ಮೂಲೆಯಲ್ಲಿ ರಸ್ತೆ ಬದಿಗೆ ತೆಂಗು, ಬಾಳೆ, ಎಳನೀರು ಬೊಂಡದ ಅಂಗಡಿ. ಬೊಂಡ ಕೆತ್ತುವವನು ಮಾತ್ರ ನಮ್ಮವರ ಹಾಗೆ ಕತ್ತಿ ಬೀಸದೆ, ಪೆನ್ಸಿಲು ಚೂಪು ಮಾಡುವಷ್ಟು ನಿಧಾನ ಎಂದು ಇಳಿದು ಬಂದವರು ಹೇಳಿದರು. ನಾನು ನೋಡಲಿಲ್ಲ. ಗ್ಯಾಂಗ್‌ವೇಯಲ್ಲಿದ್ದೆ.

ಕೇಳಿದೆ. "ಎಲ್ಲಿಗೆ?" ಎಂದು ಮೊದಲು ತಪನನನ್ನು ಕೇಳಿದೆ. ಅವನು ನಕ್ಕು ವಿಳಾಸ, ಬೀದಿ, ತಿನ್ನಬೇಕೆಂದಿರುವ ಮೀನಿನ ಹೆಸರು ಎಲ್ಲ ಬರೆಸಿದ. ಒಬ್ಬೊಬ್ಬರನ್ನು ಕೇಳುವಾಗಲೂ ಪೊಳಲಿ ಅಮ್ಮನಿಗೆ ಮನಸ್ಸಿನಲ್ಲೇ ಒಂದು ತಪ್ಪುಕಾಣಿಕೆ ಎತ್ತಿಟ್ಟೆ. ಹದಿನೈದು ಜನರ ನಂತರ ನಾಲಿಗೆ ಸಡಿಲವಾಯಿತು. ಇಷ್ಟೇನಾ ಎನಿಸಿತು.

ಆಗ ಚೀಫ್ ಬಂದರು. ಕ್ಷೌರ ಮಾಡಿರಲಿಲ್ಲ. ಕೈಯಲ್ಲಿ ಫೋನು ಹಿಡಿದಿದ್ದರು. ಆಪರೇಷನ್ ಅವತ್ತು ಬೆಳಿಗ್ಗೆ ಎಂಬುದು ಹಡಗಿನಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಬಂದರಿನ ಗೇಟಿನ ಬಳಿ ಮಾತ್ರ ವೈಫೈ ಸಿಗುತ್ತಿತ್ತು. ಎಲ್ಲಿಗೆ ಹೊರಟಿದ್ದಾರೆಂದು ನನಗೆ ಚೆನ್ನಾಗಿ ಗೊತ್ತು. ಕೇಳದೆ ಬರೆದುಬಿಡಬಹುದಿತ್ತು. ಈ ಒಬ್ಬ ಮನುಷ್ಯನನ್ನು ಈ ಒಂದು ದಿನ ಕೇಳಬಾರದು ಎಂದು ಒಳಗೆ ಎಲ್ಲವೂ ಕೂಗುತ್ತಿತ್ತು. ಅವರು ಏಣಿಯ ಮೇಲೆ ಕಾಲಿಟ್ಟು, ಒಂದು ಗಳಿಗೆ ನಿಂತರು. ನನ್ನ ಕಡೆ ನೋಡಲಿಲ್ಲ. ಕಾದರು.

"ಎಲ್ಲಿಗೆ ಸರ್?" ಎಂದೆ. ದನಿ ನನ್ನದೆಂದು ನನಗೇ ಗೊತ್ತಾಗಲಿಲ್ಲ.

ಚೀಫ್ ಏಣಿಯಿಂದ ಕಾಲು ತೆಗೆದರು. ತಿರುಗಿ ಹಡಗಿನೊಳಗೆ ಬಂದರು. ಕಾವಲಿನವರ ಸ್ಟೂಲಿನಲ್ಲಿ ಕೂತು ಕೈ ಚಾಚಿದರು. ಏನು ಬೇಕೆಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ನನ್ನ ನೀರಿನ ಬಾಟ್ಲಿ ಕೊಟ್ಟೆ. ಪೂರ್ತಿ ಕುಡಿದರು. ಬಾಯಿ ಒರೆಸಿಕೊಂಡು ಎದ್ದರು.

"ಗೇಟಿನವರೆಗೆ. ಮನೆಗೆ ಫೋನು ಮಾಡಲು. ಒಂದು ಗಂಟೆ. ಬರೆದುಕೋ."

ಬರೆದುಕೊಂಡೆ. ಅಕ್ಷರ ಕಾಣುತ್ತಿರಲಿಲ್ಲ.

ಅವರು ವಾಪಸು ಬರುವವರೆಗೆ ನಾನು ಆ ಗೇಟಿನ ಮೇಲಿನ ಕಣ್ಣು ತೆಗೆಯಲಿಲ್ಲ. ಒಂದು ಗಂಟೆಗೆ ಇನ್ನೂ ಐದು ನಿಮಿಷ ಇರುವಾಗ ಅವರ ಟೊಪ್ಪಿ ಕಂಡಿತು. ನಡಿಗೆ ನೋಡಿಯೇ ನನಗೆ ಅರ್ಧ ತಿಳಿಯಿತು. ಏಣಿ ಹತ್ತಿ ಬಾವುಟಕ್ಕೆ ಸೆಲ್ಯೂಟ್ ಹೊಡೆದು, "ಎಚ್ಚರವಾಗಿದ್ದಾಳೆ. ಚಹಾ ಕೇಳಿದಳಂತೆ" ಎಂದರು. ಆಮೇಲೆ ನನ್ನ ನೀಲಿ ಪುಸ್ತಕ ಕೇಳಿದರು. ಸಹಿ ಹಾಕುವಾಗ ಅವರ ಕಣ್ಣು ಪುಸ್ತಕದ ಮೇಲಿರಲಿಲ್ಲ, ಗೇಟಿನ ಕಡೆಗಿತ್ತು. ಸಹಿ ಸೊಟ್ಟಗೇ ಬಿದ್ದಿದೆ.